ಕ್ರಿಯಾಪದದ ಬಾಲ

ಈ ಸಂಗತಿಯನ್ನು ಕನ್ನಡದಲ್ಲಿ ಹೇಳುವುದು ಕಷ್ಟ.
ಹೇಳಹೊರಟರೆ
ವಾಕ್ಯ ಮುಗಿಯುತ್ತಲೇ ಗುಟ್ಟು ರಟ್ಟು:
ಬಂದನು, ಬಂದಳು.
ನಮ್ಮ ಕ್ರಿಯಾಪದಕ್ಕೊಂದು ಬಾಲ,
ಬಾಲದ ತುದಿಗೆ ಮೀಸೆ, ಇಲ್ಲವೇ ಜಡೆ.

ಫಿನ್ನಿಶ್ ನುಡಿಯಲ್ಲಿ ಹಾಗಲ್ಲ.
ಅವನಿಗೂ ಅವಳಿಗೂ ಒಂದೇ ಪದ, ಹ್ಯಾನ್.
ಬಾಯಿಂದ ಹೊರಟ ಉಸಿರಿನಷ್ಟೇ ಅದು,
ಕೆಮಿ ಎಂಬ ಆ ಬಂದರಿನ ಊರಲ್ಲಿ, ನವೆಂಬರಿನಲ್ಲಿ
ಉಸಿರು ಕಣ್ಣಿಗೂ ಕಾಣುತ್ತದೆ.

ಮಧ್ಯಾಹ್ನ ಎರಡೂವರೆಗೇ ದೀಪ ಹಾಕಿದ ಒಂಬತ್ತನೆಯ ತರಗತಿ.
ಮುಂದಿನ ವಾರ ಯಾರು ಎಲ್ಲಿಗೆ ಕೆಲಸ ನೋಡಲು ಹೋಗಬೇಕೆಂದು
ಮಕ್ಕಳು ಬರೆದ ಚೀಟಿಗಳು
ಕೊರ್ಪೆಲ ಟೀಚರ ಉಣ್ಣೆ ಟೊಪ್ಪಿಗೆಯಲ್ಲಿ.
ಹೆಸರು ಹೆಬ್ಬೆರಳಲ್ಲಿ ಮುಚ್ಚಿ ಒಂದೊಂದೇ ಓದಿದರು.

"ಹ್ಯಾನ್‌ಗೆ ಮಂಜುಗಡ್ಡೆ ಒಡೆಯುವ ಹಡಗಿನ
ಎಂಜಿನ್ ಕೋಣೆಗೆ ಇಳಿಯುವಾಸೆ."
ಇಡೀ ತರಗತಿ ನೋಡಿದ್ದು ವೇಯ್ಕನ ಕಡೆಗೆ,
ಐಸ್ ಹಾಕಿ ಆಡುವ ಅಗಲ ಭುಜದ ವೇಯ್ಕ.
"ಹ್ಯಾನ್‌ಗೆ ಹೆರಿಗೆ ವಾರ್ಡಿನಲ್ಲಿ ಇರುವಾಸೆ,
ಮೊದಲ ಅಳು ಕೇಳಬೇಕಂತೆ."
ಈಗ ಹಿಲ್ಲಳ ಕಡೆಗೆ.
ಅವಳು ಪೆನ್ಸಿಲ್ ಕಚ್ಚುತ್ತಿದ್ದಳು.

ಪದಕ್ಕೆ ಲಿಂಗವಿರಲಿಲ್ಲ.
ಕತ್ತುಗಳಿಗಿತ್ತು.
ಇಪ್ಪತ್ತೆರಡು ಕತ್ತು, ಯಾರೂ ಹೇಳಿಕೊಡದೆ
ಒಟ್ಟಿಗೇ ತಿರುಗಿದವು.

ಟೀಚರ್ ಬೈಯಲಿಲ್ಲ, ಭಾಷಣ ಮಾಡಲಿಲ್ಲ,
ಚೀಟಿ ಎತ್ತಿ ಹಿಡಿದರು ಅಷ್ಟೆ.
ಹಿಲ್ಲಳ ಮುತ್ತಿನಂಥ ಅಕ್ಷರದಲ್ಲಿ ಎಂಜಿನ್,
ವೇಯ್ಕನ ಕಾಗೆಕಾಲು ಗುಬ್ಬಿಕಾಲಲ್ಲಿ ಹಸುಗೂಸು.
ಹಿಂದಿನ ಬೆಂಚಿನಿಂದ ಹೊರಟ ಒಂದು ನಗು
ಅರ್ಧಕ್ಕೇ ದಾರಿ ತಪ್ಪಿತು.

ನಗುವುದೇಕೆ, ನಮ್ಮದೇನು ಕಮ್ಮಿ?
ಸೂಲಗಿತ್ತಿ ಇದ್ದಾಳೆ;
ಸೂಲಗಾರ ಎಂದು ನೋಡಿ, ನಿಘಂಟು ಕೆಮ್ಮುತ್ತದೆ.
ಕಮ್ಮಾರಗಿತ್ತಿ ಎಂದರೆ ಕಮ್ಮಾರನ ಹೆಂಡತಿ,
ಸುತ್ತಿಗೆ ಅವಳದಲ್ಲ.
ಅಲ್ಲಿ ಸೂಲಗಿತ್ತಿಗೆ ಕ್ಯಾತಿಲೊ ಎನ್ನುತ್ತಾರೆ,
ಪದದೊಳಗೆ ಕೈ ಅಡಗಿದೆಯಂತೆ.
ಬರಿಯ ಕೈ. ಬಳೆ ಇಲ್ಲ.
ಆದರೂ ಆ ಊರಿನ ಬೆಂಕಿ ಆರಿಸುವವರ ಹೆಸರಿನ ಕೊನೆಗೆ
ಒಬ್ಬ ಗಂಡಸು ಇನ್ನೂ ಕೂತೇ ಇದ್ದಾನೆ.

ವೇಯ್ಕನನ್ನು ಹೆರಿಗೆ ಕೋಣೆಯೊಳಗೆ ಬಿಡಲಿಲ್ಲ.
ಹದಿನೈದು ವರ್ಷ, ನಿಯಮ ನಿಯಮವೇ.
ನಾಲ್ಕು ದಿನ ದುಪ್ಪಟಿ ಮಡಿಸಿದ.
"ಮಡಿಸುವುದಕ್ಕೇ ಹೋದೆಯಾ?" ರಾತ್ರಿ ಊಟದಲ್ಲಿ ಅಪ್ಪ.
ಐದನೆಯ ದಿನ ಒಬ್ಬ ತಾಯಿ
"ಸ್ವಲ್ಪ ಹಿಡಿದುಕೋ, ಮುಖ ತೊಳೆದು ಬರುತ್ತೇನೆ" ಎಂದಳು.
ಎರಡು ಕಿಲೊ ಒಂಬೈನೂರು ಗ್ರಾಂ.
ಗೆಲ್ಲಲು ಏನೂ ಇಲ್ಲದೆ
ಆ ಕೈಗಳು ಅಷ್ಟು ಗಟ್ಟಿಯಾಗಿ ನಿಂತದ್ದು ಅದೇ ಮೊದಲು.

ಹಿಲ್ಲಳಿಗೆ ಕೊಟ್ಟ ಮೇಲುಡುಗೆ ಯಾರದೋ ಅಳತೆಯದು,
ತೋಳನ್ನು ನಾಲ್ಕು ಸುತ್ತು ಮಡಿಸಬೇಕಾಯಿತು.
(ಇಬ್ಬರೂ ಮಡಿಸಿದ್ದೇ ಬಂತು ಆ ವಾರ.)
ಕಡಲು ಹೆಪ್ಪುಗಟ್ಟಲೆಂದು ಕಾಯುತ್ತ ದಡಕ್ಕೆ ಕಟ್ಟಿದ ಹಡಗು,
ಸದ್ದು, ಎಣ್ಣೆ, ಕಬ್ಬಿಣದ ಏಣಿ.
ಬುಧವಾರಕ್ಕೇ ಸಾಕಾಯಿತು.
ಸೋಮವಾರ ಕಣ್ಣಲ್ಲಿ ನೀರು:
"ನನಗಿಷ್ಟವಾಗಲಿಲ್ಲ. ಎಲ್ಲರೂ ಹೇಳಿದ್ದೇ ನಿಜವಾಯಿತಲ್ಲ."
ಟೀಚರ್ ಅವಳ ಉಗುರಿನ ಕಪ್ಪು ನೋಡಿದರು.
"ಅವರು ಹೇಳಿದ್ದು, ನಿನಗೆ ಆಗದು ಅಂತ.
ನೀನು ಹೇಳುತ್ತಿರುವುದು, ನಿನಗೆ ಬೇಡ ಅಂತ.
ಎರಡರ ನಡುವೆ ಒಂದು ವಾರದ ಎಣ್ಣೆ ಇದೆ.
ಹೋಗು, ಬೇರೆ ಚೀಟಿ ಬರಿ."

ಕನ್ನಡಕ್ಕೂ ಒಂದು ಹಿತ್ತಲ ಬಾಗಿಲಿದೆ.
ಮರ್ಯಾದೆ ಕೊಟ್ಟು ಕರೆದರೆ ಸಾಕು,
ಮೀಸೆಯೂ ಉದುರುತ್ತದೆ, ಜಡೆಯೂ:
ಬಂದರು. ಇಳಿದರು. ಎತ್ತಿಕೊಂಡರು.
ಹದಿನೈದರ ಮಕ್ಕಳಿಗೆ ಬಹುವಚನ
ಯಾರು ಕೊಡುತ್ತಾರೆ, ಅದು ಬೇರೆ ಮಾತು.

ಅಂದಹಾಗೆ,
ಇಷ್ಟು ಹೊತ್ತೂ ನಾನು ಟೀಚರ್ ಎಂದೆ,
ಓದಿದರು, ನೋಡಿದರು ಎಂದೆ.
ಟೊಪ್ಪಿಗೆ ಹಾಕಿಕೊಂಡು ಅವರು ಹೊರಟರು ಈಗ,
ಹೊಸ ಹಿಮದ ಮೇಲೆ ಬೂಟಿನ ಗುರುತು.
ನಿಮ್ಮ ಕತ್ತು
ಎತ್ತ ತಿರುಗಿತ್ತು?